ನಮ್ಮ ಇತಿಹಾಸ ಸಂಘವೂ ಧಾರವಾಡದ ಹಳೆಯ ಮಂಡಳವೂ

ಕಳೆದ ವರ್ಷದ ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ಕಾಲೇಜಿನ ಸಂಘಗಳ ವರದಿಗಳು ಅಚ್ಚಾಗಿವೆ. ಅವುಗಳಲ್ಲಿ ಇತಿಹಾಸ ಸಂಘದ ವರದಿ ಒಂಬತ್ತೇ ಸಾಲಿನದು. ಅದನ್ನು ಬರೆದವನು ನಾನು. ಆ ವರ್ಷ ಸಂಘದ ಕಾರ್ಯದರ್ಶಿಯಾಗಿದ್ದುದರಿಂದ ಬರೆಯುವ ಭಾರ ನನ್ನ ಪಾಲಿಗೆ ಬಂದಿತ್ತು. ಉದ್ಘಾಟನೆ ಸಂಭ್ರಮದಿಂದ ನೆರವೇರಿತು. ಗತವೈಭವವನ್ನು ಕುರಿತು ಪಂಡಿತರೊಬ್ಬರಿಂದ ಉಪನ್ಯಾಸವಾಯಿತು. ರಸಪ್ರಶ್ನೆಯ ಸ್ಪರ್ಧೆ ನಡೆಯಿತು. ಹಂಪಿಗೆ ಪ್ರವಾಸ ಹೋಗಿಬಂದೆವು. ಸಮಾರೋಪವೂ ವಂದನಾರ್ಪಣೆಯೂ ಆದುವು. ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಮೊನ್ನೆ ಗ್ರಂಥಾಲಯದಲ್ಲಿ ಕುಳಿತು ಆ ಒಂಬತ್ತು ಸಾಲುಗಳನ್ನು ಮತ್ತೆ ಓದಿದಾಗ ನನಗೆ ನಾಚಿಕೆಯಾಯಿತು. ಅದಕ್ಕೆ ಕಾರಣವಾದ ಒಂದು ಕಲ್ಲಿನ ಸಂಗತಿಯನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಮಗಿಂತ ನೂರು ವರ್ಷ ಹಿಂದಿನ ಇನ್ನೊಂದು ಸಂಘದ ಮಾತನ್ನು ಹೇಳಬೇಕಾಗಿದೆ. ಗುರುಗಳಿಗೆ ತಿಳಿದ ಸಂಗತಿಯನ್ನೇ ಶಿಷ್ಯನು ಹೇಳುವ ಈ ಧಾರ್ಷ್ಟ್ಯವನ್ನು ಅವರು ಮನ್ನಿಸಬೇಕು.

1914ರಲ್ಲಿ ಧಾರವಾಡದಲ್ಲಿ ಆಲೂರ ವೆಂಕಟರಾಯರು ಕರ್ನಾಟಕ ಇತಿಹಾಸ ಮಂಡಳವನ್ನು ಕಟ್ಟಿದರು. ಆಗಿನ ಧಾರವಾಡವು ಈಗಿನಂಥ ವಿದ್ಯಾನಗರಿಯಲ್ಲ. ಮುಂಬಯಿ ಇಲಾಖೆಯ ದಕ್ಷಿಣದ ಅಂಚಿನಲ್ಲಿ ಕಚೇರಿ, ಕೋರ್ಟು, ಶಾಲೆ, ಶಿಕ್ಷಕರ ತರಬೇತಿಯ ಕಾಲೇಜುಗಳಿದ್ದ ಒಂದು ಜಿಲ್ಲೆಯ ಊರು. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘವೊಂದು ಅಲ್ಲಿತ್ತು, ನಿಜ. ಆದರೆ ಪದವಿಯವರೆಗೆ ಓದಿಸುವ ಕಾಲೇಜು ಇರಲಿಲ್ಲ. ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ. ಎಂದರೆ, ಆ ಊರಿಗೆ ಪದವಿ ಕಾಲೇಜು ಬರುವ ಮೂರು ವರ್ಷ ಮೊದಲೇ ಅಲ್ಲಿ ಇತಿಹಾಸ ಸಂಶೋಧನೆಯ ಮಂಡಳ ಬಂದಿತ್ತು. ನಮ್ಮಲ್ಲಿ ಕಾಲೇಜು ಇದೆ, ಇತಿಹಾಸ ವಿಭಾಗವಿದೆ, ಕಪಾಟಿನಲ್ಲಿ ಗ್ರಂಥಗಳಿವೆ, ಸಂಘದ ಹೆಸರಿನಲ್ಲಿ ಪ್ರತಿ ವರ್ಷ ಶುಲ್ಕವೂ ವಸೂಲಾಗುತ್ತದೆ. ಅವರಲ್ಲಿ ಇವುಗಳ ಪೈಕಿ ಏನಿತ್ತೆಂದು ಲೆಕ್ಕ ಹಾಕಿದರೆ ನಮ್ಮ ಬಡತನ ಎಲ್ಲಿಯದೆಂಬುದು ಗೊತ್ತಾಗುತ್ತದೆ.

ವೆಂಕಟರಾಯರು ವಕೀಲರು, ಇತಿಹಾಸದ ಪ್ರಾಧ್ಯಾಪಕರಲ್ಲ. ಪುಣೆಯಲ್ಲಿ ಓದಿದವರಾದ್ದರಿಂದ ಮರಾಠಿಗರು ತಮ್ಮ ಹಿಂದಿನವರ ದಫ್ತರಗಳನ್ನು ಹೇಗೆ ಹುಡುಕಿ ಜೋಪಾನ ಮಾಡುತ್ತಿದ್ದರೆಂಬುದು ಅವರಿಗೆ ಗೊತ್ತಿತ್ತು. ರಾಜವಾಡೆಯವರ ಮುಂದಾಳುತನದಲ್ಲಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳವು 1910ರಲ್ಲಿಯೇ ಹುಟ್ಟಿತ್ತು. 1905ರಲ್ಲಿ ರಾಯರು ಹಂಪಿಗೆ ಹೋದರು. ಅಲ್ಲಿ ವಿರೂಪಾಕ್ಷನ ಸನ್ನಿಧಿಯಲ್ಲಿ ತಮ್ಮ ಮನಸ್ಸಿಗಾದ ಆಘಾತವೇ ತಮ್ಮ ಬಾಳಿನ ದಿಕ್ಕನ್ನು ತಿರುಗಿಸಿತೆಂದು ಅವರು ಬರೆದಿದ್ದಾರೆ. ನಾವೂ ಹಂಪಿಗೆ ಹೋಗಿದ್ದೆವು. ಕಲ್ಲಿನ ರಥದ ಮುಂದೆ ನಿಂತು ಚಿತ್ರ ತೆಗೆಯಿಸಿಕೊಂಡು, ಹೊಸಪೇಟೆಯಲ್ಲಿ ಊಟ ಮುಗಿಸಿ ಬಂದೆವು. ಯಾರಿಗೂ ಯಾವ ಆಘಾತವೂ ಆದಂತೆ ಕಾಣಲಿಲ್ಲ. ಇರಲಿ, ಆಘಾತವು ಪ್ರವಾಸದ ಕಾರ್ಯಕ್ರಮಪಟ್ಟಿಯಲ್ಲಿ ಹಾಕಿಕೊಂಡು ಹೋಗುವ ವಸ್ತುವಲ್ಲ.

ಅಂದಿನ ಸ್ಥಿತಿಯನ್ನು ನೆನೆಯದೆ ಈ ಮಂಡಳದ ಮಹತ್ತ್ವ ತಿಳಿಯದು. ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ನಡುನಡುವೆ ಸಂಡೂರು, ಸವಣೂರು, ಜಮಖಂಡಿ, ಮುಧೋಳಗಳಂಥ ಚಿಕ್ಕ ಸಂಸ್ಥಾನಗಳು ಬೇರೆ. ಧಾರವಾಡದಲ್ಲಿ ಓದಿದ ಕನ್ನಡಿಗನು ಮರಾಠಿಯಲ್ಲಿ ಮಾತಾಡುವುದನ್ನೇ ದೊಡ್ಡಸ್ತಿಕೆ ಎಂದು ತಿಳಿಯುತ್ತಿದ್ದ ಕಾಲವದು. ಚಾಲುಕ್ಯರೂ ರಾಷ್ಟ್ರಕೂಟರೂ ನಮ್ಮವರೆಂಬುದು ಶಾಲೆಯ ಹುಡುಗನಿಗೆ ತಿಳಿಯುತ್ತಿರಲಿಲ್ಲ. ತಿಳಿದವರು ಯಾರು? ಇಂಗ್ಲಿಷರು. ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ನೂರಾರು ಶಾಸನಗಳ ಪ್ರತಿ ಮಾಡಿಸಿದ್ದನು. ಫ್ಲೀಟ್ ಮಹಾಶಯನು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು 1882ರಲ್ಲಿ ಗ್ರಂಥ ಬರೆದನು. ಸೀವೆಲ್ 1900ರಲ್ಲಿ ವಿಜಯನಗರದ ಕತೆಯನ್ನು ಬರೆದು, ಅದನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದನು. ಅತ್ತ ಮೈಸೂರಿನಲ್ಲಿ ರೈಸ್ ಸಾಹೇಬರು ತಮ್ಮ ಪಂಡಿತರ ನೆರವಿನಿಂದ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳನ್ನು ಮುಗಿಸಿದ್ದರು. ನಮ್ಮ ಕಲ್ಲು, ನಮ್ಮ ಭಾಷೆ, ನಮ್ಮ ಅರಸರು. ಓದಬೇಕಾದರೆ ಮಾತ್ರ ಇಂಗ್ಲಿಷು. ಇದೇ ಸಾಮಗ್ರಿಯನ್ನು ಅರಗಿಸಿಕೊಂಡು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಕನ್ನಡದಲ್ಲಿ ಹೊರತಂದರು.

ಆ ಗ್ರಂಥದ ವಿಷಯದಲ್ಲಿ ನಮ್ಮ ತರಗತಿಯಲ್ಲಿ ಒಮ್ಮೆ ವಾದವಾಯಿತು. ಅದು ಇತಿಹಾಸವಲ್ಲ, ಅಭಿಮಾನ ಎಂದು ಒಬ್ಬ ಗೆಳೆಯನ ಆಕ್ಷೇಪಣೆ. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಅರಸರೂ ಕಾಳಗಗಳೂ ದೇವಾಲಯಗಳೂ ಅದರಲ್ಲಿ ತುಂಬಿವೆ. ಉಳುವವನೂ ಕುಂಬಾರನೂ ಕಾಣುವುದು ಕಡಿಮೆ. ಆದರೆ ಮಲಗಿದವನನ್ನು ಎಬ್ಬಿಸುವಾಗ ತಕ್ಕಡಿ ಹಿಡಿದು ಮಾತನ್ನು ತೂಗುವವರು ಯಾರು? ಐದು ಕಡೆ ಹಂಚಿಹೋದ ಜನಕ್ಕೆ ನೀವೆಲ್ಲ ಒಂದೇ ಮನೆಯವರೆಂದು ಹೇಳಬೇಕಾಗಿತ್ತು, ಹೇಳಿದರು. ಆ ಮಾತು ನಾಡಿನ ಏಕೀಕರಣದ ಹೋರಾಟಕ್ಕೆ ಬೇರಾಯಿತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದು ರಾಜ್ಯವಾದುವು. ವೆಂಕಟರಾಯರು ಅದನ್ನು ಕಣ್ಣಾರೆ ಕಂಡು, 1964ರಲ್ಲಿ ತೀರಿಕೊಂಡರು.

ನನಗೆ ತೋರುವುದಿಷ್ಟು. ಆ ಮಂಡಳದವರ ಕೈಯಲ್ಲಿ ಎರಡು ಕೆಲಸಗಳಿದ್ದುವು. ಹಿಂದಿನ ಹಿರಿಮೆಯನ್ನು ಸಾರಿ ಜನರನ್ನು ಎಚ್ಚರಿಸುವುದು ಒಂದು. ಆ ಹಿರಿಮೆಗೆ ಆಧಾರವಾದ ಶಾಸನ, ತಾಮ್ರಪಟ, ಕಡತಗಳನ್ನು ಹುಡುಕಿ ಓದಿ ಅಚ್ಚು ಹಾಕಿಸುವುದು ಇನ್ನೊಂದು. ಮೊದಲನೆಯದು 1956ಕ್ಕೆ ಬಹುಮಟ್ಟಿಗೆ ಮುಗಿಯಿತು. ಎರಡನೆಯದು ಮುಗಿದಿಲ್ಲ. ನಮ್ಮ ಸಂಘವು ಆ ಹಿರಿಯರಿಂದ ಯಾವುದನ್ನು ಬಳುವಳಿಯಾಗಿ ಪಡೆಯಿತು? ಮುಗಿದ ಕೆಲಸವನ್ನು! ಎದ್ದು ಕುಳಿತವನನ್ನು ಪ್ರತಿ ವರ್ಷ ಹಾರ ಹಾಕಿ ಮತ್ತೆ ಮತ್ತೆ ಎಬ್ಬಿಸುತ್ತಿದ್ದೇವೆ.

ಮಂಡಳವು ಈ ಎರಡನೆಯ ಕೆಲಸವನ್ನು ಹಗುರವಾಗಿ ತಿಳಿಯಲಿಲ್ಲ. 1930ರ ದಶಕದಲ್ಲಿ ಅದು ಹೊರನಾಡಿನ ವಿದ್ವಾಂಸರಿಗೂ ತಲುಪಲೆಂದು ಇಂಗ್ಲಿಷಿನಲ್ಲಿ ಸಂಶೋಧನ ಪತ್ರಿಕೆಯನ್ನು ನಡೆಸಿತು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ, ಅದರ ನೆನಪಿಗಾಗಿ ವಿದ್ವಾಂಸರ ಲೇಖನಗಳ ದೊಡ್ಡ ಸಂಪುಟವೊಂದು ಧಾರವಾಡದಿಂದಲೇ ಹೊರಬಂದಿತು. ಹಾರ ತುರಾಯಿಗಳು ಅಂದೇ ಬಾಡಿದುವು. ಸಂಪುಟವನ್ನು ಇಂದಿಗೂ ಸಂಶೋಧಕರು ಕೈಗೆತ್ತಿಕೊಳ್ಳುತ್ತಾರೆ. 1939ರಲ್ಲಿ ಧಾರವಾಡದಲ್ಲಿ ಸರಕಾರವೇ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಇಂಥ ಸಂಸ್ಥೆ ಬೇಕೆಂದು ಸರಕಾರಕ್ಕೆ ಅನಿಸುವಂತೆ ಮಾಡಿದ ಗಾಳಿಯನ್ನು ಎಬ್ಬಿಸಿದವರು ಸಂಬಳವಿಲ್ಲದೆ ದುಡಿದ ಈ ವಕೀಲರೂ ಮಾಸ್ತರರೂ ಎಂದು ನಾನು ನಂಬಿದ್ದೇನೆ.

ಈಗ ಕಲ್ಲಿನ ಮಾತಿಗೆ ಬರುತ್ತೇನೆ.

ನನ್ನೂರು ವರದಾ ನದಿಯ ಸೀಮೆಯ ಒಂದು ಹಳ್ಳಿ. ಊರ ಹನುಮಪ್ಪನ ಗುಡಿಯ ಪಕ್ಕದಲ್ಲಿ, ಬೇವಿನ ಮರದ ಬುಡದಲ್ಲಿ, ಎದೆಯುದ್ದದ ಒಂದು ವೀರಗಲ್ಲು ಇತ್ತು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬನು, ಅವನ ಹಿಂದೆ ನಾಲ್ಕಾರು ಆಕಳುಗಳು; ನಡುವಿನಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು; ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿದ್ದಾನೆ, ಪಕ್ಕದಲ್ಲಿ ಸೂರ್ಯಚಂದ್ರರು. ಪಟ್ಟಿಕೆಗಳ ನಡುವಿನ ಅಂಚುಗಳಲ್ಲಿ ಅಕ್ಷರಗಳು. ಬಾಲ್ಯದಲ್ಲಿ ನಾವು ಅದರ ಮೇಲೆ ಹತ್ತಿ ಕುಳಿತು ಹುಣಸೇಹಣ್ಣು ತಿಂದವರು. ನನ್ನಜ್ಜ ನೋಡಿದಾಗಲೆಲ್ಲ ಗದರಿಸುತ್ತಿದ್ದರು: “ಇಳೀರೋ ಹುಡುಗರಾ! ಯಾವನೋ ನಮ್ಮೂರ ಮಗ ದನಕ್ಕಾಗಿ ಸತ್ತಾನ. ಅವನ ನೆತ್ತಿ ಮ್ಯಾಲೆ ಕುಂದರತೀರೇನು?” ಅವನ ಹೆಸರೇನಜ್ಜಾ ಎಂದು ಕೇಳಿದರೆ, “ಅದರಾಗ ಬರದೈತಿ. ನೀ ಸಾಲಿ ಕಲಿತು ಓದು” ಎನ್ನುತ್ತಿದ್ದರು.

ನಾನು ಸಾಲೆ ಕಲಿತೆ. ಕಾಲೇಜಿಗೆ ಬಂದೆ. ಇತಿಹಾಸವನ್ನೇ ಐಚ್ಛಿಕವಾಗಿ ತೆಗೆದುಕೊಂಡು, ಇತಿಹಾಸ ಸಂಘಕ್ಕೆ ಕಾರ್ಯದರ್ಶಿಯೂ ಆದೆ. ಗತವೈಭವದ ಉಪನ್ಯಾಸಕ್ಕೆ ವಂದನೆಯನ್ನೂ ಅರ್ಪಿಸಿದೆ. ಆ ಕಲ್ಲನ್ನು ಮಾತ್ರ ಓದಲಿಲ್ಲ. ನಾನೂ ಓದಲಿಲ್ಲ, ಓದಬಲ್ಲ ಇನ್ನೊಬ್ಬರನ್ನೂ ಊರಿಗೆ ಕರೆದೊಯ್ಯಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಅದು ಅಲ್ಲಿಯೇ ಇರುತ್ತಿತ್ತು. ಎಲ್ಲಿಗೆ ಹೋದೀತೆಂಬ ಧೈರ್ಯ. ಕಳೆದ ಬೇಸಗೆಯಲ್ಲಿ ರಸ್ತೆಯ ಅಗಲೀಕರಣ ನಡೆಯಿತು. ಬೇವಿನ ಮರ ಹೋಯಿತು. ಯಂತ್ರದ ಬಾಯಿಗೆ ಸಿಕ್ಕಿ ಕಲ್ಲು ಮೂರು ಹೋಳಾಯಿತಂತೆ. ಹೋಳುಗಳನ್ನು ಹಳ್ಳದ ಮೋರಿಯ ಬುಡಕ್ಕೆ ಹಾಕಿ ಮೇಲೆ ಕಾಂಕ್ರೀಟು ಸುರಿದರಂತೆ. ನಾನು ಹೋಗುವ ಹೊತ್ತಿಗೆ ರಸ್ತೆ ನುಣ್ಣಗೆ ಹೊಳೆಯುತ್ತಿತ್ತು. ಕೆಲಸದವರನ್ನು ಬೈಯುವುದು ಸುಲಭ. ಆದರೆ ಇದು ಬರಹದ ಕಲ್ಲು ಎಂದು ಅವರಿಗೆ ಹೇಳಬೇಕಾದವನು ಯಾರು? ಆ ದಿನ ನಾನು ಇಲ್ಲಿ ಪರೀಕ್ಷೆಯಲ್ಲಿ ವೀರಗಲ್ಲುಗಳ ಮಹತ್ತ್ವವನ್ನು ಕುರಿತು ಹತ್ತು ಅಂಕದ ಉತ್ತರ ಬರೆಯುತ್ತಿದ್ದೆನೋ ಏನೋ!

ಕಲ್ಲಿನದೆಂದು ಉಳಿದಿರುವುದು ಒಂದೇ ಚಿತ್ರ. ಮೂರು ವರ್ಷದ ಹಿಂದೆ ಜಾತ್ರೆಯಲ್ಲಿ ಮೊಬೈಲಿನಿಂದ ನಾನೇ ತೆಗೆದದ್ದು. ನನ್ನ ಚಿಕ್ಕಪ್ಪನ ಮಗ ಹೊಸ ಅಂಗಿ ತೊಟ್ಟು ಕಲ್ಲಿನ ಮೇಲೆ ಕುಳಿತಿದ್ದಾನೆ. ಅವನ ಎರಡು ಕಾಲುಗಳು ಬರಹದ ಮೇಲೆ ಇಳಿಬಿದ್ದಿವೆ. ಅದನ್ನು ನಮ್ಮ ಅಧ್ಯಾಪಕರಿಗೆ ತೋರಿಸಿದೆ. ಅವರು ಹಿಗ್ಗಿಸಿ ಬಹಳ ಹೊತ್ತು ನೋಡಿದರು. ಕಾಲುಗಳ ನಡುವಿನ ಸಂದಿಯಲ್ಲಿ ಅವರಿಗೆ ಓದಲು ಸಿಕ್ಕಿದುದು ಎರಡು ಅಕ್ಷರ: ‘ತುಱು’. ಎಂದರೆ ಆಕಳು. ತುಱುಗೋಳಿನಲ್ಲಿ, ಊರ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು, ಸತ್ತವನು ಎಂಬುದು ಖಚಿತವಾಯಿತು. ಅಷ್ಟನ್ನು ನಮ್ಮಜ್ಜ ಓದದೆಯೇ ಹೇಳಿದ್ದರು. ಹೆಸರು, ಕಾಲ, ಆಗ ಆಳುತ್ತಿದ್ದ ಅರಸನಾರು, ಅವನ ಮನೆಯವರಿಗೆ ಊರವರು ಕೊಟ್ಟ ಹೊಲವೆಷ್ಟು, ಇವೆಲ್ಲ ನನ್ನ ತಮ್ಮನ ಮೊಣಕಾಲಿನ ಹಿಂದೆ ಉಳಿದುವು.

ಇದನ್ನು ಯಾರಾದರೂ ಮೊದಲೇ ಓದಿ ಅಚ್ಚು ಹಾಕಿಸಿರಬಹುದೆಂಬ ಆಸೆಯಿಂದ ಗ್ರಂಥಾಲಯದಲ್ಲಿ ಹುಡುಕಿದೆ. ಹಳೆಯ ಮುಂಬಯಿ ಕರ್ನಾಟಕದ ಶಾಸನಗಳು ದಕ್ಷಿಣ ಭಾರತದ ಶಾಸನಗಳೆಂಬ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಜಿಲ್ಲೆಗೊಂದರಂತೆ ಶಾಸನ ಸಂಪುಟಗಳನ್ನು ತಂದಿದೆ. ನೆರೆಯ ಹಳ್ಳಿಗಳ ಹೆಸರುಗಳು ಸಿಕ್ಕಿದುವು. ನಮ್ಮೂರಿನ ಆ ಕಲ್ಲು ಸಿಗಲಿಲ್ಲ. ದೊಡ್ಡ ದೇವಾಲಯದ ದೊಡ್ಡ ಶಾಸನವನ್ನು ಇಲಾಖೆಯವರು ಬಂದು ಓದುತ್ತಾರೆ. ಬೇವಿನ ಬುಡದ ಮೂರು ಸಾಲಿನ ಬರಹಕ್ಕೆ ಆ ಊರಿನವನೇ ದಿಕ್ಕು. ಗತವೈಭವದಲ್ಲಿ ಸಾಮಾನ್ಯನಿಲ್ಲವೆಂದು ದೂರಿದ ನನ್ನ ಗೆಳೆಯನಿಗೂ ಇದನ್ನೇ ಹೇಳಬೇಕೆನಿಸಿತು. ಸಾಮಾನ್ಯನು ಇದ್ದಾನೆ, ಊರೂರ ಹಾದಿಯ ಬದಿಯಲ್ಲಿ ಬಿಲ್ಲು ಹಿಡಿದು ನಿಂತಿದ್ದಾನೆ.

ಇದೆಲ್ಲ ಪಂಡಿತರ ಕೆಲಸ, ನಮ್ಮಿಂದಾದೀತೇ ಎಂದು ಕೇಳುವವರುಂಟು. ಮಂಡಳ ಹುಟ್ಟಿದ ಮರುವರ್ಷ, 1915ರಲ್ಲಿ, ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ನಿಸ್ಸಂದೇಹಗೊಳಿಸಿದ ಬರಹವದು. ಅದನ್ನು ಕಂಡವನು ಚಿನ್ನದ ಅದಿರು ಹುಡುಕಲು ಬಂದಿದ್ದ ಬೀಡನ್ ಎಂಬ ಗಣಿ ಇಂಜಿನಿಯರು. ಓದುವವರು ಬೇರೆ ಇರಬಹುದು. ಮೊದಲು ಕಾಣುವ ಕಣ್ಣು ಬೇಕು. ತೀರ ಈಚಿನ ಮಾತೂ ಇದೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯನೆಂಬ ವೀರನ ಕಲ್ಲು, ಸುಮಾರು ಕ್ರಿ.ಶ. 750ರದು, ಹಾಳಾಗುವ ಸ್ಥಿತಿಯಲ್ಲಿದ್ದಾಗ ಅದನ್ನು ಉಳಿಸಿದವರು ಬೇರೆ ಬೇರೆ ಉದ್ಯೋಗಗಳಲ್ಲಿದ್ದ ಆಸಕ್ತ ನಾಗರಿಕರು ಮತ್ತು ಅಲ್ಲಿಯ ಸ್ಥಳೀಕರು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಆ ನಗರದ ಸುತ್ತಿನ ಶಾಸನಗಳನ್ನು ಈಗ ಯಂತ್ರದಿಂದ ಅಕ್ಷರ ಅಕ್ಷರವಾಗಿ ಅಳೆದು ದಾಖಲಿಸುತ್ತಿದೆ. ನಮಗೆ ಅಂಥ ಯಂತ್ರವಿಲ್ಲ. ಬೇಕಾಗಿಯೂ ಇಲ್ಲ.

ಪಡಿಯಚ್ಚು ತೆಗೆಯುವ ಹಳೆಯ ವಿಧಾನಕ್ಕೆ ಬೇಕಾದುದು ನೀರು, ಕಾಗದ, ಮಸಿ ಮತ್ತು ತಾಳ್ಮೆ. ಕಲ್ಲನ್ನು ತೊಳೆದು ಅಕ್ಷರಗಳಲ್ಲಿ ಕುಳಿತ ಮಣ್ಣನ್ನೂ ಪಾಚಿಯನ್ನೂ ನಾರಿನ ಬ್ರಷ್ಷಿನಿಂದ ತೆಗೆಯಬೇಕು. ತಂತಿಯ ಬ್ರಷ್ಷು ಕೂಡದು, ಕಲ್ಲು ತರಚುತ್ತದೆ. ಒದ್ದೆ ಮಾಡಿದ ಕಾಗದವನ್ನು ಸುಕ್ಕಿಲ್ಲದಂತೆ ಹಾಸಿ ಮೇಲಿನಿಂದ ಬ್ರಷ್ಷಿನಿಂದ ತಟ್ಟುತ್ತ ಬಂದರೆ ಅದು ಅಕ್ಷರದ ತಗ್ಗುಗಳಿಗೆ ಇಳಿಯುತ್ತದೆ. ಸ್ವಲ್ಪ ಆರಿದ ಮೇಲೆ ಬಟ್ಟೆಯ ಗಂಟಿಗೆ ಮಸಿ ತಾಗಿಸಿ ಮೆಲ್ಲಮೆಲ್ಲನೆ ಒತ್ತಬೇಕು. ಕಲ್ಲಿನ ಮೈ ಕಪ್ಪಾಗಿ, ತಗ್ಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಬರಿಯ ಕಣ್ಣಿಗೆ ಕಾಣದ ಅಕ್ಷರವೂ ಕಾಗದದ ಮೇಲೆ ಏಳುತ್ತದೆ. ಅದೂ ಆಗದಿದ್ದರೆ ರಾತ್ರಿ ಹೋಗಿ ಬ್ಯಾಟರಿಯ ಬೆಳಕನ್ನು ಒಂದು ಪಕ್ಕದಿಂದ ಓರೆಯಾಗಿ ಬಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದರೂ ಅಕ್ಷರಗಳ ನೆರಳು ಎದ್ದು ತೋರುತ್ತದೆ. ಯಾರೂ ಮೇಲೆ ಕುಳಿತಿರಬಾರದು, ಅಷ್ಟೇ. ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳ ಕಲ್ಲುಗಳನ್ನು ಇಲಾಖೆಯ ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲ. ಉಳಿದುವಕ್ಕೂ ಊರ ಹಿರಿಯರನ್ನು ಕೇಳಿಯೇ ಕೈಹಚ್ಚುವುದು ಮರ್ಯಾದೆ. ನಿಧಿ ಅಗೆಯುವವರ ಹಾವಳಿಯಿಂದಾಗಿ ಕಲ್ಲಿನ ಸುತ್ತ ಸುಳಿಯುವ ಹೊಸಬರನ್ನು ಕಂಡರೆ ಹಳ್ಳಿಯವರಿಗೆ ಸಂಶಯ; ಅದು ನ್ಯಾಯವೇ.

ಪಠ್ಯಕ್ರಮ ಮುಗಿಸುವುದೇ ದುಸ್ತರ, ಇದಕ್ಕೆ ವೇಳೆ ಎಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಉದ್ಘಾಟನೆಗೆ ಒಂದು ದಿನ, ಅದರ ಸಿದ್ಧತೆಗೆ ಮೂರು ದಿನ, ಸಮಾರೋಪಕ್ಕೂ ಅಷ್ಟೇ. ಆ ಎಂಟು ದಿನಗಳನ್ನು ಕೊಟ್ಟರೆ ಸಾಕು. ಅತಿಥಿಗಳ ಶಾಲು, ಹಾರ, ಫಲತಾಂಬೂಲಗಳಿಗೆ ನಾನು ಕಾರ್ಯದರ್ಶಿಯಾಗಿದ್ದಾಗ ಖರ್ಚು ಮಾಡಿದ ಹಣದಲ್ಲಿ ಎಷ್ಟೋ ಕಲ್ಲುಗಳಿಗಾಗುವಷ್ಟು ಕಾಗದ ಬರುತ್ತಿತ್ತು. ನಮ್ಮ ಕಾಲೇಜಿಗೆ ಹಲವಾರು ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬೊಬ್ಬರೂ ತಮ್ಮ ಊರಿನ ಬರಹದ ಕಲ್ಲುಗಳೆಷ್ಟು, ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ತಾಲೂಕಿನಲ್ಲಿ ಯಾರ ಬಳಿಯೂ ಇಲ್ಲದ ಪಟ್ಟಿಯೊಂದು ನಮ್ಮ ಕಾಲೇಜಿನಲ್ಲಿ ಇರುತ್ತದೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಒಂಬತ್ತು ಸಾಲಿನ ವರದಿಗೆ ಬದಲಾಗಿ ಆ ಪಟ್ಟಿಯನ್ನೇ ಅಚ್ಚು ಹಾಕಿದರೆ ಸಂಪಾದಕರಿಗೂ ಪುಟ ತುಂಬಿಸುವ ಚಿಂತೆ ಕಡಿಮೆಯಾದೀತು.

ಈಗ ನಾವು ಐವರು ಸೇರಿದ್ದೇವೆ. ಅವರಲ್ಲಿ ಇಬ್ಬರು ಕನ್ನಡ ಐಚ್ಛಿಕದವರು. ಹಳಗನ್ನಡದ ಲಿಪಿಯನ್ನು ಗುರುಗಳ ಬಳಿ ವಾರಕ್ಕೊಂದು ಸಂಜೆ ಕಲಿಯುತ್ತಿದ್ದಾರೆ. ಊರಿಂದ ಎರಡು ಹರದಾರಿ ದೂರದ ಹಳ್ಳಿಯೊಂದರಲ್ಲಿ ಮುದುಕಿಯೊಬ್ಬಳ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಒಂದು ವೀರಗಲ್ಲು ಬಿದ್ದಿದೆಯೆಂದು ಗೆಳತಿಯೊಬ್ಬಳು ಸುದ್ದಿ ತಂದಳು. ಹೋಗಿ ನೋಡಿದೆವು. ಚಿತ್ರದ ಮೈ ಕೆಳಗಾಗಿದೆಯಂತೆ, ಮಗುಚಿ ನೋಡಬೇಕು. ಅಪ್ಪಣೆ ಕೇಳಿದಾಗ ಆಕೆ ಬಹಳ ಹೊತ್ತು ನಮ್ಮ ಮುಖಗಳನ್ನು ನೋಡಿ, “ಹೊರಳಿಸಿ ಓದಿಕೋರ್ರಿ ಯಪ್ಪಾ, ಆದರ ಮತ್ತ ಹೆಂಗಿತ್ತೋ ಹಂಗ ಇಟ್ಟ ಹೋಗಬೇಕು” ಎಂದಳು. ಕಲ್ಲಿಗೆ ಬದಲಾಗಿ ಒಂದು ಹೊಸ ಒಗೆಯುವ ಕಲ್ಲನ್ನು ತಂದುಕೊಡುತ್ತೇವೆಂದು ಹೇಳಿದೆವು. ಸಂಘದ ಶುಲ್ಕದಲ್ಲಿ ಅದನ್ನು ಕೊಳ್ಳಲು ಬರುತ್ತದೆಯೇ ಎಂದು ಪ್ರಾಂಶುಪಾಲರಿಗೆ ಅರ್ಜಿ ಬರೆದಿದ್ದೇವೆ. ಬರುವ ಭಾನುವಾರ ಬೆಳಿಗ್ಗೆ ಬಸ್ಸು ನಿಲ್ದಾಣದಲ್ಲಿ ಸೇರುವುದು. ಬರುವವರು ಒಂದು ನಾರಿನ ಬ್ರಷ್ಷನ್ನೂ ಹಳೆಯ ಬಟ್ಟೆಯನ್ನೂ ತರಬೇಕು. ಹನ್ನೊಂದು ಗಂಟೆಗೆ ಮೊದಲು ಹಿತ್ತಿಲಿಗೆ ಹೋಗುವಂತಿಲ್ಲ. ಅಷ್ಟೊತ್ತಿಗೆ ಆಕೆಯ ಅರಿವಿ ಒಗೆಯುವುದು ಮುಗಿದಿರುತ್ತದಂತೆ.